ಆಶ್ವೀಜದ ಗಾಳ: ಅಳೆದು ತೆಗೆಯಿರಿ



ಚೌತಿಯ ಗಣಪತಿಯನ್ನು ನೀರಿಗೆ ಬಿಟ್ಟಾಯಿತು. ನವರಾತ್ರಿ ಹತ್ತಿರ ಬಂತು. ಅಘನಾಶಿನಿಯ ದಂಡೆಯ ಗಜನಿಗಳಲ್ಲಿ ಕಗ್ಗದ ಭತ್ತ ತೆನೆ ತುಂಬಿಕೊಂಡು ತಲೆ ಬಾಗಿಸುತ್ತಿದೆ. ಕೊಯ್ಲಿಗೆ ಇನ್ನೂ ಕೆಲವು ವಾರ ಇದೆ. ಮಳೆ ಹಿಂದೆಗೆದಿದೆ, ಬಿಸಿಲು ಚುರುಕಾಗಿದೆ. ಇಂಥ ಬಿಡುವಿನಲ್ಲಿ ಮನೆಯ ಹುಡುಗರ ಕೈ ತಾನಾಗಿಯೇ ಅಟ್ಟದ ಮೇಲಿನ ಗಾಳದ ಕೋಲಿನ ಕಡೆಗೆ ಹೋಗುತ್ತದೆ. ಹೌದಲ್ಲ? ಹುಡುಗರೇನು, ತಲೆ ನರೆತ ನಮ್ಮಂಥವರಿಗೂ ಈ ತಿಂಗಳು ಬಂತೆಂದರೆ ಮನೆಯೊಳಗೆ ಕೂರಲು ಮನಸ್ಸಾಗುವುದಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಈ ಗಾಳದ ವಿಚಾರ. ಬಲೆಯ ಮಾತು ಬೇರೆ. ಬಲೆ ಹಿಡಿದವರಿಗೆ ಅದು ಹೊಟ್ಟೆಪಾಡು, ಅವರ ಕಷ್ಟಸುಖವೇ ಬೇರೆ. ನಾವು ಬೇಸಾಯದವರು ಗಾಳ ಹಿಡಿಯುವುದು ಸಂತೋಷಕ್ಕೆ; ಸಿಕ್ಕರೆ ಒಂದು ಹೊತ್ತಿನ ಸಾರಿಗೆ. ಸಂತೋಷಕ್ಕೆಂದು ಮಾಡುವ ಕೆಲಸದಿಂದ ಹೊಳೆಗೂ ಕೇಡಾಗಬಾರದು, ಮನೆಗೂ ಕೇಡಾಗಬಾರದು. ಅದಕ್ಕೆ ಏನು ಮಾಡಬೇಕು ಅಂತ ಸ್ವಲ್ಪ ವಿಚಾರ ಮಾಡೋಣ.

ಮೊದಲು, ಈ ಶರತ್ಕಾಲದಲ್ಲೇ ಗಾಳಕ್ಕೆ ಇಷ್ಟು ಮೀನು ಯಾಕೆ ಬೀಳುತ್ತದೆ ಅಂತ ತಿಳಿದುಕೊಳ್ಳಬೇಕು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಸಮುದ್ರದಲ್ಲಿ ಒಂದು ದೊಡ್ಡ ಉಳುಮೆ ನಡೆಯುತ್ತದೆ. ಗಾಳಿ ಮತ್ತು ಪ್ರವಾಹಗಳ ಕಾರಣದಿಂದ ಆಳದ ತಣ್ಣನೆಯ ನೀರು ದಡದ ಹತ್ತಿರ ಮೇಲಕ್ಕೆ ಬರುತ್ತದೆ. ನೇಗಿಲು ಅಡಿಯ ಮಣ್ಣನ್ನು ಮೇಲೆ ತಂದ ಹಾಗೆಯೇ ಇದು. ಆ ನೀರಿನಲ್ಲಿ ಸತ್ವ ಇದೆ. ಬಿಸಿಲು ತಾಗಿದೊಡನೆ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸಿಗಳು ಹುಲುಸಾಗಿ ಬೆಳೆಯುತ್ತವೆ. ಅವನ್ನು ತಿನ್ನಲು ಸಣ್ಣ ಜೀವಿಗಳು, ಅವುಗಳ ಹಿಂದೆ ತಾರ್ಲೆ, ಬಂಗುಡೆಗಳ ಹಿಂಡು, ಹಿಂಡಿನ ಹಿಂದೆ ದೊಡ್ಡ ಮೀನು. ಆಶ್ವೀಜದ ಹೊತ್ತಿಗೆ ಕಡಲು ಶಾಂತವಾಗಿ ನೀರು ಮತ್ತೆ ಬೆಚ್ಚಗಾಗುತ್ತದೆ.

ಹೊಳೆಯ ಕಡೆಯ ಲೆಕ್ಕವೂ ಇದೆ. ಆಷಾಢ ಶ್ರಾವಣದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲವೂ ಕೆಂಪು ನೀರು ತುಂಬಿಕೊಂಡು ಕಡಲಿಗೆ ನುಗ್ಗುತ್ತವೆ. ಉಪ್ಪುನೀರು ಅಳಿವೆಯ ಬಾಗಿಲಲ್ಲೇ ನಿಂತುಬಿಡುತ್ತದೆ. ಮಳೆ ಕಡಮೆಯಾದ ಮೇಲೆ ಉಬ್ಬರದ ಜೊತೆಗೆ ಉಪ್ಪು ದಿನದಿನಕ್ಕೂ ಒಳಗೆ ಏರುತ್ತದೆ. ಅದರ ಜೊತೆಗೆ ಸಿಗಡಿಯ ಮರಿಗಳು, ಏಡಿ, ಸಣ್ಣ ಮೀನುಗಳು ಕಾಂಡ್ಲ ಗಿಡಗಳ ಬೇರಿನ ನಡುವೆ, ಗಜನಿಯ ಕಾಲುವೆಗಳಲ್ಲಿ ಸೇರಿಕೊಳ್ಳುತ್ತವೆ. ಊಟ ಇದ್ದಲ್ಲಿ ನೆಂಟರು ಬರುತ್ತಾರಲ್ಲ, ಹಾಗೆ ದೊಡ್ಡ ಮೀನು ಅಳಿವೆಗೆ ಬರುತ್ತದೆ. ಕೆಂಬೇರಿ ಬರುತ್ತದೆ, ಕಾಣೆ ಬರುತ್ತದೆ. ಗಾಳದವನ ಕನಸಿನ ಮೀನು ಕುರುಡಿಯೂ ಬರುತ್ತದೆ. ಇದನ್ನೇ ಇಂಗ್ಲಿಷ್ ಕಲಿತವರು ಸೀ ಬಾಸ್ ಅನ್ನುತ್ತಾರೆ. ಬಂಗಾಳದವರು ಭೇಟ್ಕಿ ಅನ್ನುತ್ತಾರೆ. ಆಸ್ಟ್ರೇಲಿಯಾದ ಉತ್ತರ ಕರಾವಳಿಯಲ್ಲಿ ಬಾರಮುಂಡಿ ಅನ್ನುತ್ತಾರೆ.

ಇನ್ನು ಹೊತ್ತಿನ ವಿಚಾರ. ಗಾಳದವನಿಗೆ ಗಡಿಯಾರಕ್ಕಿಂತ ಉಬ್ಬರ ಇಳಿತದ ಲೆಕ್ಕ ಮುಖ್ಯ. ನಮ್ಮಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿದ ನೀರು ಪೂರ್ತಿ ಇಳಿಯಲು ಸುಮಾರು ಆರು ತಾಸು ಬೇಕು. ದಿನದಿಂದ ದಿನಕ್ಕೆ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಎಂಟಕ್ಕೆ ನೀರು ತುಂಬಿದ್ದರೆ ನಾಳೆ ಸುಮಾರು ಎಂಟು ಐವತ್ತಕ್ಕೆ ತುಂಬುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಮಂದ. ಇದೆಲ್ಲ ಜಂತ್ರಡಿಯ ಹಲಗೆ ಎತ್ತಿ ಇಳಿಸುವ ಗಜನಿಯವರಿಗೆ ನಾನು ಹೇಳಿಕೊಡಬೇಕಾದ್ದಿಲ್ಲ.

ನೀರು ಇಳಿಯುವಾಗ ಗಜನಿಯ ಕಾಲುವೆಯಿಂದ, ಕಾಂಡ್ಲದ ಸಂದಿಯಿಂದ ಸಿಗಡಿ ಮತ್ತು ಸಣ್ಣ ಮೀನು ನೀರಿನ ಜೊತೆಗೇ ಹೊರಗೆ ಬರಬೇಕಾಗುತ್ತದೆ. ಕುರುಡಿ ಇದನ್ನು ಬಲ್ಲದು. ಕಾಲುವೆ ಹೊಳೆಗೆ ಸೇರುವ ಬಾಯಲ್ಲಿ, ಕಲ್ಲಿನ ಮರೆಯಲ್ಲಿ, ಹರಿಯುವ ನೀರೂ ನಿಂತ ನೀರೂ ಕೂಡುವ ಗೆರೆಯಲ್ಲಿ ಅದು ಕಾದು ನಿಲ್ಲುತ್ತದೆ. ಆದ್ದರಿಂದ ಇಳಿತದ ಕೊನೆಯ ಒಂದೂವರೆ ತಾಸು, ಏರುವುದಕ್ಕೆ ಶುರುವಾದ ಮೊದಲ ಒಂದು ತಾಸು, ಇದು ಒಳ್ಳೆಯ ಹೊತ್ತು. ಅದು ಬೆಳಗಿನ ಜಾವಕ್ಕೋ ಸಂಜೆಗೋ ಕೂಡಿಬಂದರೆ ಇನ್ನೂ ಒಳ್ಳೆಯದು. ನಡು ಮಧ್ಯಾಹ್ನ ಬಿಸಿಲಲ್ಲಿ ಕೂತು ತಲೆ ಸುಡಿಸಿಕೊಂಡು ಮೀನಿಲ್ಲ ಮೀನಿಲ್ಲ ಅಂತ ಗೊಣಗಿದರೆ ತಪ್ಪು ಮೀನಿನದಲ್ಲ.

ಸಾಮಾನಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪೇಟೆಯಿಂದ ಬರುವವರು ಸಾವಿರಾರು ರೂಪಾಯಿಯ ಕೋಲು, ರೀಲು ತರುತ್ತಾರೆ. ನಿಮ್ಮ ಹತ್ತಿರ ಕೈಗಾಳ ಒಂದೇ ಇದ್ದರೂ ಚಿಂತೆಯಿಲ್ಲ. ತಂಗೂಸಿ ಗಟ್ಟಿ ಇರಲಿ. ಕಲ್ಲಿಗೆ ಉಜ್ಜಿ ಸವೆದ ತುದಿಯನ್ನು ಕತ್ತರಿಸಿ ಗಂಟು ಹೊಸದಾಗಿ ಹಾಕಿ. ಹೊಳೆಯ ಸೆಳೆತಕ್ಕೆ ತಕ್ಕಷ್ಟೇ ಸೀಸ ಕಟ್ಟಿ. ಎರೆಗೆ ಜೀವಂತ ಸಿಗಡಿಗಿಂತ ಒಳ್ಳೆಯದಿಲ್ಲ. ಅದನ್ನು ಬಾಲದ ಹತ್ತಿರ ಹಗುರವಾಗಿ ಚುಚ್ಚಿದರೆ ನೀರಿನಲ್ಲಿ ಬಹಳ ಹೊತ್ತು ಆಡುತ್ತದೆ. ಒಂದು ಮಾತು ಮಾತ್ರ ಮರೆಯಬೇಡಿ: ಗಾಳದ ಕೊಕ್ಕೆಯ ಒಳಗಡೆ ಇರುವ ಹಿಮ್ಮುಳ್ಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿಬಿಡಿ. ದಾರವನ್ನು ಬಿಗಿಯಾಗಿ ಹಿಡಿದರೆ ಮೀನು ತಪ್ಪುವುದು ಅಪರೂಪ. ಬಿಡಬೇಕಾದಾಗ ಮಾತ್ರ ಸುಲಭವಾಗಿ ಕಳಚುತ್ತದೆ. ನಿಮ್ಮ ಕೈಬೆರಳಿಗೇ ಚುಚ್ಚಿಕೊಂಡರೂ ಸುಲಭವಾಗಿ ಕಳಚುತ್ತದೆ!

ಬಿಡಬೇಕಾದಾಗ ಅಂದೆ. ಹಿಡಿದ ಮೀನನ್ನು ಬಿಡುವುದು ಯಾಕೆ ಅಂತ ನೀವು ಕೇಳುತ್ತೀರಿ. ನಾನೂ ಹಾಗೇ ಕೇಳುತ್ತಿದ್ದೆ. ನನಗೆ ಉತ್ತರ ಹೇಳಿದವಳು ನನ್ನ ಅವ್ವ.

ಆಗ ನನಗೆ ಹದಿನೆಂಟೋ ಹತ್ತೊಂಬತ್ತೋ. ಚೌತಿ ಕಳೆದು ವಾರವಾಗಿತ್ತು. ನಮ್ಮ ಗಜನಿಯ ಜಂತ್ರಡಿಯ ಕೆಳಗೆ ಇಳಿತದ ಕೊನೆಯಲ್ಲಿ ಗಾಳ ಹಾಕಿ ಕೂತಿದ್ದೆ. ದಾರ ಎಳೆದ ರಭಸಕ್ಕೆ ಬೆರಳು ಕುಯ್ದುಹೋಯಿತು. ಅರ್ಧ ತಾಸು ಹೆಣಗಿ ಮೇಲೆ ತಂದರೆ ನನ್ನ ಎದೆಯೆತ್ತರದ ಕುರುಡಿ! ಹೆಗಲ ಮೇಲೆ ಹೊತ್ತು, ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತ, ಹತ್ತು ನಿಮಿಷದ ದಾರಿಯನ್ನು ಒಂದು ತಾಸು ಮಾಡಿ ಮನೆಗೆ ಬಂದೆ. ಅವ್ವ ಹಿತ್ತಲಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಹೊಟ್ಟೆ ಸೀಳಿದಳು. ಒಳಗೆ ಎರಡು ಮೊಟ್ಟೆಯ ಗಟ್ಟಿ, ಒಂದೊಂದೂ ನನ್ನ ತೋಳಿನಷ್ಟು ದಪ್ಪ. ಅವ್ವ ಕತ್ತಿ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ, "ಬಿತ್ತನೆ ಭತ್ತ ಕುಟ್ಟಿ ಅನ್ನ ಮಾಡ್ದ ಹಾಗಾಯ್ತಲ್ಲೋ ತಮ್ಮಾ" ಅಂದಳು. ಬೈಯಲಿಲ್ಲ. ಅಷ್ಟೇ ಅಂದಳು. ಸಾರು ಎಲ್ಲರೂ ಉಂಡರು. ನನಗೆ ಮಾತ್ರ ಆ ದಿನ ಸೇರಲಿಲ್ಲ.

ಅವ್ವ ಹೇಳಿದ್ದು ಎಷ್ಟು ನಿಜ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಕುರುಡಿಯ ಜೀವನ ಹೇಗೆ ಅಂತ ತಿಳಿದಾಗ. ಕೇಳಿ, ಇದು ಬಹಳ ಸೋಜಿಗದ ಸಂಗತಿ. ಕುರುಡಿ ಸಾಮಾನ್ಯವಾಗಿ ಮೂರು ನಾಲ್ಕು ವರ್ಷಕ್ಕೆ ಬಲಿಯುತ್ತದೆ. ಬಲಿತಾಗ ಅದು ಗಂಡು. ಹಾಗೆಯೇ ಕೆಲವು ವರ್ಷ ಗಂಡಾಗಿದ್ದು, ಆರರಿಂದ ಎಂಟು ವರ್ಷದ ಹೊತ್ತಿಗೆ ಅದೇ ಮೀನು ಹೆಣ್ಣಾಗುತ್ತದೆ! ಅಂದರೆ ನಡುವಿನ ಗಾತ್ರದ ಕುರುಡಿಗಳಲ್ಲಿ ಬಹುಪಾಲು ಗಂಡು, ಬಹಳ ದೊಡ್ಡವು ಬಹುಪಾಲು ಎಲ್ಲವೂ ಹೆಣ್ಣು. ಇಂಥ ಒಂದು ದೊಡ್ಡ ತಾಯಿ ಒಂದು ಋತುವಿನಲ್ಲಿ ಹತ್ತಾರು ಲಕ್ಷ ಮೊಟ್ಟೆ ಇಡುತ್ತದೆ. ಮೊಟ್ಟೆ ಇಡುವುದು ಉಪ್ಪುನೀರಿನ ಅಳಿವೆಯ ಬಾಗಿಲಲ್ಲಿ. ಮರಿ ಬೆಳೆಯುವುದು ನಮ್ಮ ಕಾಂಡ್ಲದ ಕಾಲುವೆಯಲ್ಲಿ, ಗಜನಿಯಲ್ಲಿ, ಸಿಹಿನೀರಿನ ಕಡೆಗೆ.

ಈಗ ಲೆಕ್ಕ ಹಾಕಿ. ಚಿಕ್ಕದನ್ನು ತೆಗೆದರೆ ಅದು ಗಂಡಾಗುವ ಮೊದಲೇ ಹೋಯಿತು. ದೊಡ್ಡದನ್ನು ತೆಗೆದರೆ ಆರೆಂಟು ವರ್ಷ ಗಾಳ, ಬಲೆ, ನೀರುನಾಯಿ ಎಲ್ಲವನ್ನೂ ತಪ್ಪಿಸಿಕೊಂಡು ಬದುಕಿ ತಾಯಿಯಾದದ್ದು ಹೋಯಿತು. ಅದರ ಜಾಗಕ್ಕೆ ಇನ್ನೊಂದು ತಾಯಿ ಬರಬೇಕಾದರೆ ಮತ್ತೆ ಅಷ್ಟೇ ವರ್ಷ ಕಾಯಬೇಕು. ಹಟ್ಟಿಯಲ್ಲಿರುವ ಒಂದೇ ಒಂದು ಹಾಲು ಕೊಡುವ ಹಸುವನ್ನು ಮಾರಿ ಹಬ್ಬ ಮಾಡುವ ಬುದ್ಧಿವಂತ ನಮ್ಮಲ್ಲಿ ಯಾರಾದರೂ ಇದ್ದಾನೆಯೆ?

ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗೆ ಇಳಿಯಬಾರದೆಂಬ ಕಟ್ಟಳೆ ನಮ್ಮ ಕರಾವಳಿಯಲ್ಲಿದೆ. ಮೀನು ಮರಿ ಮಾಡಲಿ ಅಂತ ಆ ಬಿಡುವು. ಜಂತ್ರಡಿಯ ಕೆಳಗೆ ಕೈಗಾಳ ಹಾಕಿ ಕೂತವನನ್ನು ಬಂದು ಕೇಳುವವರಿಲ್ಲ. ಹಾಗಾಗಿ ಕಟ್ಟಳೆಯನ್ನು ನಾವೇ ಮಾಡಿಕೊಳ್ಳಬೇಕು.

ಬೇರೆ ದೇಶದಲ್ಲಿ ಇದನ್ನು ಕಾನೂನಿನಿಂದಲೇ ಮಾಡಿದ್ದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಇದೇ ನಮ್ಮ ಕುರುಡಿಯನ್ನು ಹೊಳೆ, ಸಮುದ್ರದಲ್ಲಿ ಹಿಡಿದವರು 58 ಸೆಂಟಿಮೀಟರಿಗಿಂತ ಚಿಕ್ಕದನ್ನೂ ಇಟ್ಟುಕೊಳ್ಳುವಂತಿಲ್ಲ, 120 ಸೆಂಟಿಮೀಟರಿಗಿಂತ ದೊಡ್ಡದನ್ನೂ ಇಟ್ಟುಕೊಳ್ಳುವಂತಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಶರತ್ಕಾಲದ ಗಾಳಕ್ಕೆ ಬೀಳುವ ಕೆಂಪು ಡ್ರಮ್ ಎಂಬ ಮೀನಿಗೂ ಹೀಗೆಯೇ 18 ಅಂಗುಲ ಮತ್ತು 27 ಅಂಗುಲದ ಎರಡು ಗೆರೆ ಇದೆ. 1980ರ ದಶಕದಲ್ಲಿ ಆ ಮೀನಿನ ಒಂದು ಖಾದ್ಯ ಊರೂರಿಗೆ ಹಬ್ಬಿ, ಮೆಕ್ಸಿಕೋ ಕೊಲ್ಲಿಯ ದೊಡ್ಡ ಮೀನುಗಳನ್ನು ಬಲೆ ಹಾಕಿ ರಾಶಿ ರಾಶಿಯಾಗಿ ಬಳಿದರು. ಆಮೇಲೆ ಸರ್ಕಾರ ಹೊರಗಡಲಿನಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಕೆಟ್ಟ ಮೇಲೆ ಬಂದ ಬುದ್ಧಿ ಅದು. ನಮಗೆ ಕೆಡುವ ಮೊದಲೇ ಬರಲಿ.

ನಮ್ಮ ಮನೆಯಲ್ಲಿ ನಾವು ಪಾಲಿಸುವ ಅಳತೆ ಹೇಳುತ್ತೇನೆ. ಇದು ಸರ್ಕಾರದ ಕಾನೂನಲ್ಲ, ಮನೆಯ ಕಟ್ಟು. ಮೊಳದ ಮೇಲೆ ಒಂದು ಗೇಣಿಗಿಂತ ಚಿಕ್ಕ ಕುರುಡಿ ಮರಿ; ಬಿಡಬೇಕು. ಎರಡು ಮೊಳ ದಾಟಿದ್ದು ತಾಯಿ, ಬಿಡಬೇಕು. ನಡುವಿನದು ಸಿಕ್ಕರೆ ಒಂದು ಮನೆಗೆ ಒಂದು ಸಾಕು. ಅಳೆಯಲು ಪಟ್ಟಿ ಬೇಕಾಗಿಲ್ಲ. ಗಾಳದ ಕೋಲಿಗೇ ಈ ಎರಡು ಕಡೆ ಬಣ್ಣದ ಗೆರೆ ಎಳೆದುಬಿಡಿ. ಹೊಳೆಗೆ ಸುರಿದರೂ ಅಳೆದು ಸುರಿ ಅನ್ನುತ್ತಾರೆ ಹಿರಿಯರು. ಹೊಳೆಯಿಂದ ತೆಗೆದರೂ ಅಳೆದು ತೆಗೆಯಿರಿ ಅಂತ ನಾನು ಅದಕ್ಕೆ ಒಂದು ಮಾತು ಸೇರಿಸುತ್ತೇನೆ.

ಬಿಡುವುದಕ್ಕೂ ಒಂದು ಕ್ರಮ ಇದೆ. ಸುಸ್ತಾಗಿ ಸಾಯುವಷ್ಟು ಹೊತ್ತು ಆಡಿಸಬೇಡಿ. ಬೇಗ ದಡಕ್ಕೆ ತನ್ನಿ. ಕಾದ ಕಲ್ಲಿನ ಮೇಲೆ, ಮರಳಿನ ಮೇಲೆ ಎಸೆಯಬೇಡಿ. ಮೀನಿನ ಮೈಮೇಲಿನ ಲೋಳೆ ಅದಕ್ಕೆ ರಕ್ಷೆ, ಒಣಗಿದ ಕೈ ತಾಗಿದರೆ ಅದು ಕಿತ್ತುಹೋಗುತ್ತದೆ. ಆದ್ದರಿಂದ ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಭಾರದ ಮೀನನ್ನು ಬಾಯಿಯಿಂದ ಜೋತುಬಿಡದೆ, ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಡಿ. ಕುರುಡಿಯ ಕಿವಿರಿನ ಮುಚ್ಚಳದ ಅಂಚು ಕ್ಷೌರದ ಕತ್ತಿಯ ಹಾಗಿದೆ, ಅಲ್ಲಿ ಬೆರಳು ಹಾಕಬೇಡಿ. ಕೊಕ್ಕೆಯನ್ನು ತೀರ ಒಳಗೆ ನುಂಗಿದ್ದರೆ ಎಳೆದು ಕರುಳು ಕೀಳಬೇಡಿ. ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಟ್ಟುಬಿಡಿ. ನೀರಿನಲ್ಲಿ ತಲೆಯನ್ನು ಹರಿವಿನ ಕಡೆಗೆ ಮಾಡಿ ಹಿಡಿದುಕೊಳ್ಳಿ. ಅದು ತಾನಾಗಿ ಬಾಲ ಬೀಸಿ ಹೋಗುವ ತನಕ ಕೈ ತೆಗೆಯಬೇಡಿ. ಆ ಬಾಲದ ಏಟು ಅಂಗೈಗೆ ಬಿದ್ದಾಗ ಆಗುವ ಸಂತೋಷ ಸಾರು ಉಂಡದ್ದಕ್ಕಿಂತ ಕಡಮೆಯಲ್ಲ. ಬೇಕಾದರೆ ಈ ಸಲ ಮಾಡಿ ನೋಡಿ.

ತುಂಡಾದ ತಂಗೂಸಿಯನ್ನು ದಡದಲ್ಲಿ ಬಿಸಾಡಬೇಡಿ. ಅದು ಕೊಳೆಯುವುದಿಲ್ಲ. ಹಕ್ಕಿಯ ಕಾಲಿಗೆ, ಕಡಲಾಮೆಯ ಕುತ್ತಿಗೆಗೆ ಉರುಳಾಗುತ್ತದೆ. ಸುತ್ತಿ ಕಿಸೆಯಲ್ಲಿ ಹಾಕಿಕೊಂಡು ಬನ್ನಿ.

ಮೀನಿನ ಜೀವದ ಮಾತಾಯಿತು. ಇನ್ನು ನಿಮ್ಮ ಜೀವದ ಮಾತು. ತಾಯಂದಿರೇ, ಇದನ್ನು ನೀವು ಕೇಳಿ ಮಕ್ಕಳಿಗೆ ಹೇಳಿ.

ಗಾಳದವರು ಕಲ್ಲಿನ ಮೇಲಿಂದ ಜಾರಿ ಸಾಯುವುದುಂಟು. ಶರತ್ಕಾಲದ ಕಡಲು ಶಾಂತ ಅಂತ ಹೇಳಿದೆ. ಆದರೆ ಹತ್ತು ಸಣ್ಣ ಅಲೆಯ ನಡುವೆ ಒಂದು ದೊಡ್ಡದು ಬಂದೇ ಬರುತ್ತದೆ. ದೂರದ ಸಮುದ್ರದ ಬಿರುಗಾಳಿಯ ಅಲೆ, ಇಲ್ಲಿ ಗಾಳಿಯೇ ಇಲ್ಲದ ದಿನವೂ ದಡಕ್ಕೆ ಬಂದು ಅಪ್ಪಳಿಸಬಹುದು. ನನ್ನ ಜೊತೆಗಾರನೊಬ್ಬ ಇಂಥದೇ ಅಲೆಗೆ ಸಿಕ್ಕಿ ಕಲ್ಲಿನಿಂದ ಕೆಳಗೆ ಹೋದ. ನಮ್ಮ ಹತ್ತಿರ ತೆಂಗಿನ ನಾರಿನ ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು ಇತ್ತು. ಅದನ್ನು ಎಸೆದೆವು, ಹಿಡಿದುಕೊಂಡ, ಉಳಿದ. ಹಗ್ಗ ಇಲ್ಲದಿದ್ದರೆ ಅವನ ಮನೆಯಲ್ಲಿ ಆ ವರ್ಷದ ದೀಪಾವಳಿ ಇರುತ್ತಿರಲಿಲ್ಲ.

ಆದ್ದರಿಂದ ಕಲ್ಲಿಗೆ ಹೋದೊಡನೆ ಗಾಳ ಹಾಕಬೇಡಿ. ಇಪ್ಪತ್ತು ನಿಮಿಷ ದೂರ ನಿಂತು ಅಲೆ ಎಲ್ಲಿಯವರೆಗೆ ಬರುತ್ತದೆ ನೋಡಿ. ಕಲ್ಲು ಒದ್ದೆ ಇದ್ದಲ್ಲಿ ಅಲೆ ಬಂದಿದೆ, ಇನ್ನೂ ಬರುತ್ತದೆ ಅಂತ ತಿಳಿಯಿರಿ. ಕಡಲಿಗೆ ಬೆನ್ನು ಹಾಕಬೇಡಿ. ಉಬ್ಬರ ಏರಿ ಹಿಂದಿನ ದಾರಿ ಮುಚ್ಚುವ ಮೊದಲು ಎದ್ದು ಬನ್ನಿ. ಒಬ್ಬರೇ ಹೋಗಬೇಡಿ, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಅಂತ ಮನೆಯಲ್ಲಿ ಹೇಳಿ ಹೋಗಿ. ಅಳಿವೆಯ ಬಾಗಿಲಲ್ಲಿ ಇಳಿತದ ಹೊತ್ತಿಗೆ ನೀರಿಗೆ ಇಳಿಯಲೇಬೇಡಿ. ಹೊಳೆ ಹೊರಗೆ ಎಳೆಯುತ್ತದೆ, ಅಲೆ ಒಳಗೆ ನೂಕುತ್ತದೆ. ನಡುವೆ ಸಿಕ್ಕವನಿಗೆ ಈಜು ಬಂದರೂ ಪ್ರಯೋಜನವಿಲ್ಲ. ಸಣ್ಣ ದೋಣಿಯಲ್ಲಿ ಹೋಗುವವರು ತೇಲುವ ಜಾಕೀಟನ್ನು ದೋಣಿಯ ಮೂಲೆಯಲ್ಲಿ ಇಟ್ಟರೆ ಸಾಲದು, ಮೈಮೇಲೆ ಹಾಕಿಕೊಳ್ಳಬೇಕು. ಕಡಲಿನ ಸೆಳವಿಗೆ ಸಿಕ್ಕಿದರೆ ಎದುರಾಗಿ ಈಜಿ ದಣಿಯಬೇಡಿ. ತೇಲಿಕೊಂಡು, ದಡಕ್ಕೆ ಸಮಾನವಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ದಡದ ಕಡೆ ಬನ್ನಿ.

ಆಶ್ವೀಜದ ಸಂಜೆ ಅಂದರೆ ಗುಡುಗು ಮಿಂಚು. ಗದ್ದೆಯಲ್ಲಿದ್ದಾಗ ಮಿಂಚಿಗೆ ಹೆದರಿ ಮನೆ ಸೇರುವ ನಾವು ಹೊಳೆಯ ದಂಡೆಯಲ್ಲಿ ಉದ್ದನೆಯ ಕೋಲು ಎತ್ತಿ ಹಿಡಿದು ಕೂರುತ್ತೇವೆ! ಪೇಟೆಯ ಕಪ್ಪು ಕೋಲುಗಳಲ್ಲಿ ಇಂಗಾಲದ ನಾರು ಇರುತ್ತದೆ, ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ಗುಡುಗಿನ ಸದ್ದು ಕೇಳಿದೊಡನೆ ಕೋಲು ಕೆಳಗಿಟ್ಟು, ಮರದ ಕೆಳಗೆ ನಿಲ್ಲದೆ, ಮನೆ ಸೇರಿ.

ಇನ್ನೆರಡು ಸಣ್ಣ ಮಾತು. ತೊರಕೆಯ ಬಾಲದ ಮುಳ್ಳು, ಮೀಸೆಯ ಮೀನಿನ ರೆಕ್ಕೆಯ ಮುಳ್ಳು ಚುಚ್ಚಿದರೆ, ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ತಾಸಿಗೆ ಕಡಮೆಯಿಲ್ಲದೆ ಆ ಭಾಗವನ್ನು ಅದ್ದಿಡಿ, ನೋವು ಇಳಿಯುತ್ತದೆ. ಆಮೇಲೆ ವೈದ್ಯರಿಗೆ ತೋರಿಸಿ. ಎದೆಗೆ, ಹೊಟ್ಟೆಗೆ ಚುಚ್ಚಿದರೆ ಮನೆಮದ್ದು ಮಾಡುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗಿ. ಹೊಟ್ಟೆಯನ್ನು ಚೆಂಡಿನ ಹಾಗೆ ಉಬ್ಬಿಸುವ ಮೀನು ಗಾಳಕ್ಕೆ ಬಿದ್ದರೆ ತಿನ್ನಬೇಡಿ. ಅದರ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ತುರ್ತಿಗೆ 112 ಸಂಖ್ಯೆ ನೆನಪಿರಲಿ.

ಬಾಂಧವರೇ, ಗಜನಿಯಲ್ಲಿ ಕಗ್ಗ ಕೊಯ್ದ ಮೇಲೆ ಒಳ್ಳೆಯ ತೆನೆಯನ್ನು ಆರಿಸಿ ಬೀಜಕ್ಕೆಂದು ಬೇರೆ ಕಟ್ಟಿಡುತ್ತೇವಲ್ಲ. ಮನೆಯಲ್ಲಿ ಎಷ್ಟೇ ಕಷ್ಟ ಇದ್ದರೂ ಅದಕ್ಕೆ ಕೈ ಹಾಕುವುದಿಲ್ಲ. ಹೊಳೆಗೂ ಬೀಜದ ಕಣಜ ಇದೆ. ಅದು ಆ ಎರಡು ಮೊಳ ದಾಟಿದ ತಾಯಿ ಕುರುಡಿಯ ಹೊಟ್ಟೆಯಲ್ಲಿದೆ. ನನ್ನ ಅವ್ವ ಈಗಿಲ್ಲ. ಹೋದ ವರ್ಷ ಅದೇ ಜಂತ್ರಡಿಯ ಕೆಳಗೆ ನನ್ನ ಮೊಮ್ಮಗ ಒಂದು ಕುರುಡಿ ಹಿಡಿದ. ಕೋಲಿಗೆ ತಾಗಿಸಿ ನೋಡಿದ, ಮೇಲಿನ ಗೆರೆ ದಾಟಿತ್ತು. ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಿಂತು ಅದನ್ನು ಹಿಡಿದುಕೊಂಡಿದ್ದ. ಅದು ಬಾಲ ಬೀಸಿ ಅವನ ಮುಖಕ್ಕೆಲ್ಲ ನೀರೆರಚಿ ಹೋಯಿತು. ಹುಡುಗ ಮನೆಯವರೆಗೂ ನಗುತ್ತಲೇ ಬಂದ. ಆ ದಿನ ಮನೆಯಲ್ಲಿ ಬಸಳೆ ಸಾರು. ಎಲ್ಲರೂ ಹೊಟ್ಟೆ ತುಂಬ ಉಂಡೆವು.